ಸೀನಿಯಾರಿಟಿ ಸಾಹೇಬರ ಕಾಬೂಲ್ ಪೋಸ್ಟಿಂಗ್

ಮೇಜರ್ ಜನರಲ್ ವಿಲಿಯಂ ಎಲ್ಫಿನ್‌ಸ್ಟನ್ ಸಾಹೇಬರ ಸರ್ವಿಸ್ ರಿಜಿಸ್ಟರ್ ಬಹಳ ಚೊಕ್ಕಟ. 1804ರಲ್ಲಿ ಬ್ರಿಟಿಷ್ ಸೇನೆ ಸೇರಿದರು. 1815ರಲ್ಲಿ ವಾಟರ್ಲೂ ಕದನದಲ್ಲಿ 33ನೇ ರೆಜಿಮೆಂಟನ್ನು ಮುನ್ನಡೆಸಿದರು. (1799ರಲ್ಲಿ ಶ್ರೀರಂಗಪಟ್ಟಣದ ಸುಲ್ತಾನ್‌ಪೇಟೆ ತೋಪಿನ ಕತ್ತಲಲ್ಲಿ ಟಿಪ್ಪುವಿನವರ ಕೈಲಿ ಪೆಟ್ಟು ತಿಂದದ್ದೂ ಇದೇ ರೆಜಿಮೆಂಟು. ಆಗ ಸಾಹೇಬರು ಇರಲಿಲ್ಲ ಬಿಡಿ.) 1822ರಲ್ಲಿ ಅರ್ಧ ಸಂಬಳದ ಮೇಲೆ ಮನೆ ಸೇರಿದರು. ಆದರೆ ಬಡ್ತಿಗೆ ಇದೆಲ್ಲ ಗೊತ್ತಾಗುತ್ತದೆಯೇ? ಅದು ವಿಳಾಸ ಹುಡುಕಿಕೊಂಡು ಬಂತು. 1825ರಲ್ಲಿ ಕರ್ನಲ್, 1837ರಲ್ಲಿ ಮೇಜರ್ ಜನರಲ್. ಸುಮ್ನೆ ಉಸಿರಾಡುತ್ತಿದ್ದರೆ ಸಾಕಿತ್ತು.

1841ರಲ್ಲಿ, ಅಫ್ಘಾನಿಸ್ತಾನಕ್ಕೆ ನುಗ್ಗಿ ಕಾಬೂಲಿನಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೇನೆಗೆ ದಂಡನಾಯಕ ಬೇಕಾದ. ಕಂದಹಾರದಲ್ಲಿ ವಿಲಿಯಂ ನಾಟ್ ಎಂಬ ಗಟ್ಟಿ ಆಸಾಮಿ ಇದ್ದ. ಆದರೆ ಅವನು ರಾಣಿಯ ಸೇನೆಯವನಲ್ಲ, ಬರೀ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ, ಮೇಲಾಗಿ ಬಾಯಿ ಜಾಸ್ತಿ. ಗವರ್ನರ್ ಜನರಲ್ ಆಕ್ಲೆಂಡ್ ಎಲ್ಫಿನ್‌ಸ್ಟನ್‌ರನ್ನೇ ಆರಿಸಿದರು. ವಯಸ್ಸು ಅರವತ್ತರ ಹತ್ತಿರ. ಗೌಟ್ ಎಂಬ ಕೀಲುನೋವು ಹಿಡಿದು ಕಾಲೂರಲು ಆಗದು. ಬೆಟ್ಟದ ನಾಡಿನ ಯುದ್ಧಕ್ಕೆ ಪಲ್ಲಕ್ಕಿಯಲ್ಲಿ ಹೋಗುವ ಸೇನಾಪತಿ! ಕುರ್ಚಿ ಬಿಟ್ಟುಕೊಟ್ಟ ಕಾಟನ್ ಸಾಹೇಬರೋ, ಇಲ್ಲಿ ನಿಮಗೇನೂ ಕೆಲಸವಿಲ್ಲ, ಎಲ್ಲ ಶಾಂತಿ ಎಂದು ಹೇಳಿ ಹೊರಟರು.

ದಂಡಿನ ಬಿಡಾರ ಇದ್ದದ್ದು ತಗ್ಗಿನಲ್ಲಿ, ಸುತ್ತ ಗುಡ್ಡ. ದವಸದ ಕೋಠಿ ಗೋಡೆಯ ಆಚೆ. ನವೆಂಬರಿನಲ್ಲಿ ದಂಗೆಯೆದ್ದ ಅಫ್ಘನ್ನರು ಅನ್ನಕ್ಕೇ ಕೈಹಾಕಿದರು. ಸಾಹೇಬರು ಮೊದಲ ದಿನವೇ ಕುದುರೆಯಿಂದ ಬಿದ್ದಿದ್ದರು. ಆಮೇಲೆ ಸಭೆಯ ಮೇಲೆ ಸಭೆ. ಯಾರು ಕೊನೆಗೆ ಮಾತಾಡುತ್ತಾರೋ ಅವರದೇ ಸರಿ. ಎರಡನೇ ಸ್ಥಾನದ ಬ್ರಿಗೇಡಿಯರ್ ಶೆಲ್ಟನ್ ರಜಾಯಿ ಸುತ್ತಿಕೊಂಡು ಅಲ್ಲೇ ನೆಲದ ಮೇಲೆ ಮಲಗಿಬಿಡುತ್ತಿದ್ದ. ಪಾಪ, ಸಭೆ ಅಂದ್ರೆ ನಿದ್ದೆ ಬರೋದು ಸಹಜ, ಅಲ್ವಾ?

1842ರ ಜನವರಿ 6ರಂದು ಸುಮಾರು 4,500 ಸೈನಿಕರು, 12,000ದಷ್ಟು ಪರಿವಾರದವರು ಕಾಬೂಲು ಬಿಟ್ಟು ಹಿಮದಲ್ಲಿ ಜಲಾಲಾಬಾದಿನತ್ತ ಹೊರಟರು. ಬಹುತೇಕರು ಭಾರತದವರು. ಜನವರಿ 13ಕ್ಕೆ ಜಲಾಲಾಬಾದ್ ಮುಟ್ಟಿದ ಬ್ರಿಟಿಷ್ ಅಧಿಕಾರಿ ಡಾಕ್ಟರ್ ಬ್ರೈಡನ್ ಒಬ್ಬರೇ. ಉಳಿದವರಲ್ಲಿ ಬಹುಪಾಲು ದಾರಿಯಲ್ಲೇ ಸತ್ತರು, ಕೆಲವರು ಅಫ್ಘನ್ನರ ಸೆರೆಯಾದರು. ಆ ಸಿಪಾಯಿಗಳಿಗೆ, ಅಡುಗೆಯವರಿಗೆ, ಅವರ ಹೆಂಡತಿ ಮಕ್ಕಳಿಗೆ ಯಾವ ಸೀನಿಯಾರಿಟಿ ಲಿಸ್ಟೂ ಇರಲಿಲ್ಲ.

ಎಲ್ಫಿನ್‌ಸ್ಟನ್ ಏಪ್ರಿಲಿನಲ್ಲಿ ಸೆರೆಯಲ್ಲೇ ತೀರಿಕೊಂಡರು, ಹಾಗಾಗಿ ವಿಚಾರಣೆ ತಪ್ಪಿತು. ಆ ಬಾಯಿ ಜಾಸ್ತಿಯ ನಾಟ್, ಕೇಳಿಸಿಕೊಳ್ಳದೆ ವಿಧಿಯಿಲ್ಲದಾದ ಮೇಲೆ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಸೇನೆಯೊಂದಿಗೆ ಕಾಬೂಲು ತಲುಪಿದ. ಶೆಲ್ಟನ್‌ಗೆ ಕೋರ್ಟ್ ಮಾರ್ಷಲ್ ಆಯಿತು, ಬಹುತೇಕ ಆರೋಪ ಬಿದ್ದುಹೋಯಿತು. ಆತ ನಾಶವಾದ ತನ್ನ 44ನೇ ರೆಜಿಮೆಂಟಿಗೇ ಮತ್ತೆ ಯಜಮಾನನಾಗಿ ಮರಳಿದ.