ಸೂಜಿ ಚುಚ್ಚಿಸಿಕೊಂಡವರನ್ನು ಬೈಯಬೇಡಿ, ಡಬ್ಬ ಎಲ್ಲಿತ್ತು ಅಂತ ಕೇಳಿ

ಮಧ್ಯಾಹ್ನದಿಂದ ಒಳಗೆ ಕುದಿಯುತ್ತಿದೆ. ಬರೆಯದಿದ್ದರೆ ಇವತ್ತು ನಿದ್ದೆ ಬರುವುದಿಲ್ಲ.

ನಮ್ಮ ಆಸ್ಪತ್ರೆಯ ಒಂದು ವಾರ್ಡ್ ಗುಡಿಸಿ ಒರೆಸುವ ಅಕ್ಕ ಕಸದ ಚೀಲದ ಬಾಯಿ ಕಟ್ಟುತ್ತಿದ್ದರು. ರಕ್ತ ತಾಗಿದ ಹತ್ತಿ, ಬ್ಯಾಂಡೇಜು ಹಾಕುವ ಚೀಲ ಅದು. ಅದರಲ್ಲಿ ಸೂಜಿ ಇರಲೇಬಾರದು, ಬಳಸಿದ ಸೂಜಿ ಹಾಕಲು ಗಟ್ಟಿ ಡಬ್ಬ ಬೇರೆಯೇ ಇರುತ್ತೆ. ಆದರೆ ಇತ್ತು. ಚೀಲ ತೂರಿ, ಗ್ಲೌಸ್ ತೂರಿ ಹೆಬ್ಬೆರಳಿಗೆ ಇಳಿಯಿತು. ಕ್ಯಾನುಲಾ, ಅಂದರೆ ಡ್ರಿಪ್ ಕೊಡಲು ನರದೊಳಗೆ ಇಡುವ ಸಣ್ಣ ನಳಿಕೆ, ಹಾಕಿ ತೆಗೆದ ಸೂಜಿ. ಯಾವ ರೋಗಿಯದು, ಯಾರು ಎಸೆದರು, ಹೇಳುವವರು ಯಾರೂ ಇಲ್ಲ.

ಮೇಲ್ವಿಚಾರಕರು ಬಂದರು. ಅವರ ಬಾಯಿಂದ ಬಂದ ಮೊದಲ ಮಾತು, "ನೋಡ್ಕೊಂಡು ಕೆಲಸ ಮಾಡೋಕೆ ಆಗಲ್ವಾ?" ಎರಡನೆಯದು, "ಗ್ಲೌಸ್ ಹಾಕಿದ್ಯೋ ಇಲ್ವೋ?"

ಹಾಕಿದ್ದರು. ಚೀಲದೊಳಗೆ ಏನಿದೆ ಅಂತ ಹೊರಗಿನಿಂದ ಯಾರಿಗೆ ಕಾಣುತ್ತೆ ಹೇಳಿ?

ಅದಕ್ಕಿಂತ ಹೊಟ್ಟೆ ಉರಿದದ್ದು ಆ ಅಕ್ಕ ನನ್ನ ಹತ್ತಿರ ಹೇಳಿದ ಮಾತು ಕೇಳಿ. "ಏನೂ ಆಗಿಲ್ಲ ಸಿಸ್ಟರ್, ಸ್ವಲ್ಪ ತಾಗಿದೆ ಅಷ್ಟೆ. ಬರೀಬೇಡಿ." ಅವರಿಗೆ ಎಚ್‌ಐವಿಗಿಂತ ಜಾಸ್ತಿ ಭಯ ಕೆಲಸ ಹೋಗುವುದರದ್ದು. ಈ ಭಯವನ್ನು ಅವರೊಳಗೆ ಇಟ್ಟದ್ದು ನಾವೇ, ಆಸ್ಪತ್ರೆಯ ಒಳಗಿನವರು. ಒಬ್ಬರಿಗೆ ಚುಚ್ಚಿದಾಗಲೆಲ್ಲ ಬೈದು ಬೈದು, ಉಳಿದವರಿಗೆ ಬಾಯಿ ಮುಚ್ಚಿಕೊಂಡಿರೋದನ್ನು ಕಲಿಸಿದ್ದೇವೆ.

ಬಾಯಿ ಮುಚ್ಚಿಕೊಂಡರೆ ಏನಾಗುತ್ತೆ? ಗಂಟೆಗಳು ಹೋಗುತ್ತವೆ. ಇಲ್ಲಿ ಎಲ್ಲ ನಿಂತಿರುವುದು ಗಂಟೆಗಳ ಮೇಲೆ.

ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು 1000ಕ್ಕೆ 3. ಕಡಿಮೆಯೇ. ತಡೆಯಲು ಮಾತ್ರೆಯೂ ಇದೆ. ಆದರೆ ಅದನ್ನು ಆದಷ್ಟು ಬೇಗ, ಸಾಧ್ಯವಾದರೆ ಮೊದಲ ಎರಡು ಗಂಟೆಯೊಳಗೇ ಶುರು ಮಾಡಬೇಕು. 72 ಗಂಟೆ ದಾಟಿದ ಮೇಲೆ ಕೊಟ್ಟು ಪ್ರಯೋಜನ ಇಲ್ಲ ಅಂತಲೇ ಲೆಕ್ಕ. ಶುರು ಮಾಡಿದ ಮೇಲೆ 28 ದಿನ ತಪ್ಪದೆ ನುಂಗಬೇಕು. ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಇನ್ನೂ ಜೋರು. ಲಸಿಕೆ ಹಾಕಿಸಿಕೊಳ್ಳದವರಿಗೆ ಅಪಾಯ 100ಕ್ಕೆ 6ರಿಂದ 30ರ ತನಕ. ಸೂಜಿ ಮೊದಲು ಹಾಕಿದ್ದ ರೋಗಿಯ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವುದರ ಮೇಲೆ ಇದು ಏರುತ್ತೆ, ಇಳಿಯುತ್ತೆ. ಅದಕ್ಕೂ ಇಮ್ಯುನೋಗ್ಲೋಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ) ಇಂಜೆಕ್ಷನ್ ಇದೆ, ಲಸಿಕೆಯ ಜೊತೆಗೆ ಕೊಡುತ್ತಾರೆ. 24 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು. ಹೆಪಟೈಟಿಸ್ ಸಿಗೆ ಅಪಾಯ 100ಕ್ಕೆ 2ಕ್ಕಿಂತ ಕಡಿಮೆ, ಆದರೆ ಅದಕ್ಕೆ ಲಸಿಕೆಯೂ ಇಲ್ಲ, ಚುಚ್ಚಿದ ಕೂಡಲೇ ಕೊಡುವ ತಡೆ ಔಷಧಿಯೂ ಇಲ್ಲ. ಬೇಗ ಪತ್ತೆಯಾದರೆ ಮಾತ್ರೆಗಳಲ್ಲಿ ಬಹುಪಾಲು ಜನರಿಗೆ ಪೂರ್ತಿ ವಾಸಿಯಾಗುತ್ತೆ. ಪತ್ತೆಯಾಗಬೇಕಾದರೆ ಚುಚ್ಚಿದ ದಿನದ ರಕ್ತ ಪರೀಕ್ಷೆ ಬೇಕು, ಆಮೇಲಿನ ವಾರಗಳದ್ದೂ ಬೇಕು.

ಇದೆಲ್ಲ ಶುರುವಾಗುವುದು "ನನಗೆ ಚುಚ್ಚಿತು" ಅಂತ ಒಬ್ಬರು ಬಾಯಿಬಿಟ್ಟು ಹೇಳಿದಾಗ. ಆ ಬಾಯಿಯನ್ನೇ ನಾವು ಹೊಲಿದು ಇಟ್ಟಿದ್ದೇವೆ.

ಗ್ಲೌಸ್ ವಿಷಯ ಹೇಳಿಬಿಡುತ್ತೇನೆ. ಗ್ಲೌಸ್ ಹಾಕಲೇಬೇಕು, ಎರಡು ಮಾತಿಲ್ಲ. ಸೂಜಿ ಗ್ಲೌಸ್ ದಾಟುವಾಗ ಹೊರಗಿನ ರಕ್ತ ಸ್ವಲ್ಪ ಒರೆಸಿಹೋಗುತ್ತೆ, ಒಳಗೆ ಹೋಗುವ ರಕ್ತ ಕಡಿಮೆಯಾಗುತ್ತೆ. ಆಪರೇಷನ್ ಥಿಯೇಟರ್‌ನಲ್ಲಿ ಎರಡು ಜೊತೆ ಹಾಕಿದರೆ ಒಳಗಿನದು ತೂತಾಗುವುದು ತುಂಬಾ ಕಡಿಮೆ. ಆದರೆ ಸೂಜಿಯನ್ನು ನಿಲ್ಲಿಸುವ ಶಕ್ತಿ ಆ ತೆಳು ರಬ್ಬರಿಗೆ ಇಲ್ಲ. ಮಳೆಗೆ ಸೂರು ಸೋರುತ್ತಿದ್ದರೆ, ಕೆಳಗೆ ನಿಂತವರನ್ನು ಕೊಡೆ ಯಾಕೆ ಹಿಡಿಯಲಿಲ್ಲ ಅಂತ ಬೈದ ಹಾಗಾಯಿತು ಇದು. ಸೂರು ರಿಪೇರಿ ಮಾಡುವವರು ಯಾರು?

ಸೂರು ರಿಪೇರಿ ಹೇಗೆ ಅಂತ ಜಗತ್ತಿಗೆ ಗೊತ್ತಿದೆ. ಅದೇ ನನ್ನ ಸಿಟ್ಟಿನ ಮೂಲ.

ಕ್ಯಾರನ್ ಡೇಲಿ ಅಂತ ಅಮೆರಿಕದ ಒಬ್ಬ ನರ್ಸ್. ಎಮರ್ಜೆನ್ಸಿ ವಿಭಾಗದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. 1998ರಲ್ಲಿ ಒಬ್ಬ ರೋಗಿಯ ರಕ್ತ ತೆಗೆದು ಸೂಜಿಯನ್ನು ಡಬ್ಬಕ್ಕೆ ಹಾಕಲು ಹೋದಾಗ ಬೆರಳಿಗೆ ಚುಚ್ಚಿತು. ಗ್ಲೌಸ್ ಇತ್ತು. ಅನುಭವ ಇತ್ತು. ಮಾಡುತ್ತಿದ್ದದ್ದೂ ಸರಿಯಾದ ಕೆಲಸವೇ, ಸೂಜಿಯನ್ನು ಡಬ್ಬಕ್ಕೆ ಹಾಕುವುದು. ಆದರೂ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ತಗುಲಿತು. ಇಷ್ಟವಾದ ಕೆಲಸ ಬಿಡಬೇಕಾಯಿತು. ಆ ಹೆಣ್ಣುಮಗಳು ಮುಚ್ಚಿಡಲಿಲ್ಲ. ಹೆಸರು ಹೇಳಿಕೊಂಡು, ಮುಖ ತೋರಿಸಿ, ಅಲ್ಲಿನ ಸಂಸತ್ತಿನ ಮುಂದೆ ಮಾತಾಡಿದರು. 2000ದ ನವೆಂಬರ್‌ನಲ್ಲಿ ಸೂಜಿ ಸುರಕ್ಷತೆಯ ಕಾನೂನಿಗೆ ಅಧ್ಯಕ್ಷರ ಸಹಿ ಬಿತ್ತು. ಮುಂದೆ ಅವರು ಅಮೆರಿಕನ್ ನರ್ಸಸ್ ಅಸೋಸಿಯೇಷನ್‌ನ ಅಧ್ಯಕ್ಷೆಯೂ ಆದರು.

ಆ ಕಾನೂನು ಹೇಳಿದ್ದು ಸರಳ. ಬಳಸಿದ ಮೇಲೆ ತುದಿ ಮುಚ್ಚಿಹೋಗುವಂಥ ಸುರಕ್ಷಿತ ಸೂಜಿ ಮಾರುಕಟ್ಟೆಯಲ್ಲಿದ್ದರೆ ಅದನ್ನು ಪರಿಶೀಲಿಸಿ ತರುವುದು ಕೆಲಸ ಕೊಟ್ಟವರ ಹೊಣೆ. ಯಾವುದು ತರಬೇಕು ಅಂತ ಅದನ್ನು ಕೈಯಲ್ಲಿ ಹಿಡಿಯುವವರನ್ನೇ ಕೇಳಬೇಕು. ಪ್ರತಿ ಗಾಯವನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕು: ಯಾವ ಸೂಜಿ, ಎಲ್ಲಿ, ಹೇಗಾಯಿತು ಅಂತ. ಚುಚ್ಚಿಸಿಕೊಂಡವರ ಹೆಸರು ಗುಟ್ಟಾಗಿರಬೇಕು. ಯುರೋಪ್ 2010ರಲ್ಲಿ ಇಂಥದ್ದೇ ನಿರ್ದೇಶನ ತಂದಿತು. ಅದರಲ್ಲಿ ಒಂದು ಮಾತನ್ನು ನೇರವಾಗಿಯೇ ಬರೆದಿದ್ದಾರೆ. ವರದಿ ಮಾಡಿದವರನ್ನು ದೂರಬೇಡಿ, ತಪ್ಪು ಮಾಡಿದ್ದು ಯಾರು ಅನ್ನುವುದಕ್ಕಿಂತ ವ್ಯವಸ್ಥೆಯಲ್ಲಿ ಎಲ್ಲಿ ಕೊರತೆ ಇದೆ ಅಂತ ನೋಡಿ ಅಂತ. ಓದಿದಾಗ ಕಣ್ಣು ತುಂಬಿತ್ತು ನನಗೆ. ಕಾನೂನು ಬರೆಯುವವರಿಗೂ ಇದು ಅರ್ಥವಾಗಿದೆ. ನಮ್ಮ ಪಕ್ಕದಲ್ಲೇ ನಿಂತು ಕೆಲಸ ಮಾಡುವವರಿಗೆ ಇನ್ನೂ ಆಗಿಲ್ಲವಲ್ಲ!

ಈಗ ನೀವು ಹೇಳುತ್ತೀರಿ ಅಂತ ಗೊತ್ತು: "ಆದ್ರೂ ಸಿಸ್ಟರ್, ಕೆಲವರು ನಿಜವಾಗ್ಲೂ ಬೇಜವಾಬ್ದಾರಿ ಮಾಡ್ತಾರೆ. ಟ್ರೈನಿಂಗ್ ಕೊಟ್ಟರೂ ಸೂಜಿಗೆ ವಾಪಸ್ ಕ್ಯಾಪ್ ಹಾಕ್ತಾರೆ." ಹೌದು, ಹಾಕುತ್ತಾರೆ. ಹಾಕಬಾರದು. ಬೇರೆ ದಾರಿಯೇ ಇಲ್ಲದಿದ್ದರೆ ಕ್ಯಾಪನ್ನು ಟ್ರೇ ಮೇಲೆ ಮಲಗಿಸಿ, ಒಂದೇ ಕೈಯಲ್ಲಿ ಸೂಜಿಯನ್ನು ಅದರೊಳಗೆ ತೂರಿಸಬೇಕು, ಇನ್ನೊಂದು ಕೈ ಹತ್ತಿರವೂ ಬರಬಾರದು. ಆದರೆ ಯಾಕೆ ಹಾಕುತ್ತಾರೆ ಅಂತ ಒಂದು ದಿನ ವಾರ್ಡ್‌ನಲ್ಲಿ ನಿಂತು ನೋಡಿದ್ದೀರಾ? ಸಿಸ್ಟರ್ ಕೈಯಲ್ಲಿ ರಕ್ತದ ಸೂಜಿ ಇದೆ. ಡಬ್ಬ ಇರುವುದು ನರ್ಸಿಂಗ್ ಸ್ಟೇಷನ್‌ನಲ್ಲಿ, ವಾರ್ಡ್‌ನ ಆ ತುದಿಗೆ. ಮಧ್ಯೆ ಮಂಚಗಳು, ರೋಗಿಯ ಕಡೆಯವರು, ಟ್ರಾಲಿ. ಪಕ್ಕದ ಬೆಡ್‌ನವರು ಕರೆಯುತ್ತಿದ್ದಾರೆ. ಬರಿ ಸೂಜಿ ಹಿಡಿದು ಅಷ್ಟು ದೂರ ನಡೆದರೆ ಇನ್ಯಾರಿಗೋ ಚುಚ್ಚುತ್ತೆ ಅಂತ ಅವಳು ಕ್ಯಾಪ್ ಹಾಕುತ್ತಾಳೆ. ಡಬ್ಬ ಕೈಗೆಟುಕುವ ದೂರದಲ್ಲಿ ಇದ್ದಿದ್ದರೆ ಕ್ಯಾಪ್ ನೆನಪಿಗೇ ಬರುತ್ತಿರಲಿಲ್ಲ.

ಗಮನಿಸಿ ನೋಡಿ, ಗಾಯಗಳ ದೊಡ್ಡ ಪಾಲು ಇಂಜೆಕ್ಷನ್ ಕೊಡುವ ಕ್ಷಣದಲ್ಲಿ ಆಗುವುದಿಲ್ಲ. ಕೊಟ್ಟಾದ ಮೇಲೆ, ಡಬ್ಬ ಸೇರುವ ಮುಂಚೆ ಅಥವಾ ಡಬ್ಬಕ್ಕೆ ಹಾಕುವಾಗ ಆಗುತ್ತೆ. ರಕ್ತ ತೆಗೆಯುವ ಬಟರ್‌ಫ್ಲೈ ಸೂಜಿಗೆ ಅಂಟಿದ ಉದ್ದ ನಳಿಕೆ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿ ವಾಪಸ್ ಕೈಗೆ ಬಡಿಯುತ್ತೆ. ತುಂಬಿ ತುಳುಕುವ ಡಬ್ಬದ ಬಾಯಿಂದ ಸೂಜಿಯ ತುದಿ ಹೊರಗೆ ನಿಂತಿರುತ್ತೆ. ಮುಕ್ಕಾಲು ತುಂಬಿದ ಕೂಡಲೇ ಡಬ್ಬ ಬದಲಾಯಿಸಬೇಕು ಅನ್ನುವುದು ಎಲ್ಲ ಪೋಸ್ಟರ್‌ನಲ್ಲೂ ಇದೆ. ಬದಲಾಯಿಸಲು ಇನ್ನೊಂದು ಡಬ್ಬ ಸ್ಟೋರ್‌ನಲ್ಲಿ ಇರಬೇಕಲ್ವಾ?

ಸುರಕ್ಷಿತ ಸೂಜಿಗೆ ದುಡ್ಡು ಜಾಸ್ತಿ ಅನ್ನುವ ಮಾತಂತೂ ಕೇಳಿ ಸಾಕಾಗಿದೆ. ಜಾಸ್ತಿ ಹೌದು. ಚುಚ್ಚಿದ ಮೇಲಿನ ಪರೀಕ್ಷೆ, ಮಾತ್ರೆ, ರಜೆ, ತಿಂಗಳುಗಟ್ಟಲೆ ಹೆದರಿಕೆ, ಇದರ ಲೆಕ್ಕ ಯಾವ ಖಾತೆಯಲ್ಲಿ ಬರೆಯುತ್ತಾರೆ? ಇವುಗಳಲ್ಲೂ ನೋಡಿ ಆರಿಸಬೇಕು. ಕೆಲಸ ಮುಗಿದ ಮೇಲೆ ಗುಂಡಿ ಒತ್ತಬೇಕಾದ ಸೂಜಿಗಿಂತ, ತಾನಾಗಿಯೇ ತುದಿ ಮುಚ್ಚಿಕೊಳ್ಳುವುದು ಉತ್ತಮ. ಮೂರನೇ ಪಾಳಿಯ ಕೊನೆಯಲ್ಲಿ ಕಣ್ಣು ಎಳೆಯುತ್ತಿರುವಾಗ ಗುಂಡಿ ಒತ್ತಲು ಮರೆಯುವುದು ಮನುಷ್ಯರ ಸಹಜ ಗುಣ. ಹೊಲಿಗೆಗೂ ಮೊಂಡು ತುದಿಯ ಸೂಜಿ ಬಂದಿದೆ. ಥಿಯೇಟರ್‌ನಲ್ಲಿ ಕೈಯಿಂದ ಕೈಗೆ ಕೊಡದೆ, ಮಧ್ಯೆ ಒಂದು ಟ್ರೇ ಇಟ್ಟು ಅದರಲ್ಲಿ ಹಾಕಿ ತೆಗೆದುಕೊಳ್ಳುವುದಕ್ಕೆ ಖರ್ಚೇ ಇಲ್ಲ.

ನಾನು ವಾರ್ಡ್ ಬಿಟ್ಟು ಇನ್‌ಫೆಕ್ಷನ್ ಕಂಟ್ರೋಲ್ ಕೆಲಸಕ್ಕೆ, ಅಂದರೆ ಆಸ್ಪತ್ರೆಯೊಳಗೆ ಸೋಂಕು ಹರಡದ ಹಾಗೆ ನೋಡಿಕೊಳ್ಳುವ ಕೆಲಸಕ್ಕೆ ಬಂದದ್ದು ಯಾಕೆ ಅಂತ ನಿಮ್ಮಲ್ಲಿ ಕೆಲವರಿಗಷ್ಟೇ ಗೊತ್ತು. ಇವತ್ತು ಎಲ್ಲರಿಗೂ ಹೇಳುತ್ತೇನೆ. ನನಗೂ ಚುಚ್ಚಿತ್ತು. ರಕ್ತ ತೆಗೆಯುವಾಗ ರೋಗಿ ನೋವಿಗೆ ಕೈ ಎಳೆದುಕೊಂಡರು, ಸೂಜಿ ನನ್ನ ಬೆರಳಿಗೆ ಬಂತು. ಅವರಿಗೆ ಎಚ್‌ಐವಿ ಇತ್ತು. ಮಾತ್ರೆ ಅದೇ ದಿನ ಸಿಕ್ಕಿತು. ಮನೆಯಲ್ಲಿ ಹೇಳಲಿಲ್ಲ. ಅಮ್ಮ ತಟ್ಟೆಗೆ ಬಡಿಸುವಾಗ ಅವರ ಕೈ ನನ್ನ ಕೈಗೆ ತಾಗಿದರೂ ಎದೆ ಧಸಕ್ ಅನ್ನುತ್ತಿತ್ತು. ಹಾಗೆ ಮುಟ್ಟಿದರೆ ಬರುವುದಿಲ್ಲ ಅಂತ ಎಲ್ಲರಿಗೂ ಪಾಠ ಹೇಳಿದವಳು ನಾನು. ಕೊನೆಯ ರಿಪೋರ್ಟ್ ನೆಗೆಟಿವ್ ಬರುವ ತನಕ ನನ್ನ ರಕ್ತವೇ ನನಗೆ ಅನುಮಾನ. ಆಗ ನನಗೆ ಮೇಲಿನವರು ಹೇಳಿದ್ದು ಒಂದೇ ಮಾತು, "ಹುಷಾರಾಗಿರಬೇಕಿತ್ತು ಕಣಮ್ಮ." ವೈರಸ್ ಬರಲಿಲ್ಲ. ಆ ಮಾತು ಇನ್ನೂ ಹೋಗಿಲ್ಲ.

ಅದಕ್ಕೇ ಇವತ್ತು ಆ ಅಕ್ಕನ ಮಾತು ಕೇಳದೆ ಫಾರಂ ತುಂಬಿಸಿದೆ. ಮೊದಲು ಸೋಪು, ಹರಿಯುವ ನೀರು. ಬೆರಳು ಹಿಂಡಲು ಬಿಡಲಿಲ್ಲ, ಬ್ಲೀಚ್ ಹಚ್ಚಲು ಬಂದವರನ್ನೂ ತಡೆದೆ. ಚುಚ್ಚಿದ ಬೆರಳನ್ನು ಬಾಯಿಗೆ ಇಟ್ಟುಕೊಳ್ಳುವವರೂ ಇದ್ದಾರೆ, ದಯವಿಟ್ಟು ಬೇಡ. ಕಣ್ಣಿಗೆ ರಕ್ತ ಸಿಡಿದರೆ ನೀರಲ್ಲೋ ಸಲೈನ್‌ನಲ್ಲೋ ಚೆನ್ನಾಗಿ ತೊಳೆಯಬೇಕು. ಯಾರೋ ಆ ಸೂಜಿಯನ್ನೇ ಲ್ಯಾಬ್‌ಗೆ ಕಳಿಸೋಣ ಅಂದರು. ಸೂಜಿಯ ಪರೀಕ್ಷೆಯಿಂದ ನಂಬುವಂಥ ಉತ್ತರ ಸಿಗುವುದಿಲ್ಲ, ಅದನ್ನು ಹಿಡಿದು ಓಡಾಡುವವರಿಗೆ ಮತ್ತೆ ಚುಚ್ಚುತ್ತೆ ಅಷ್ಟೆ. ರೋಗಿ ಯಾರು ಅಂತ ಗೊತ್ತಿಲ್ಲದಿದ್ದರೂ ವೈದ್ಯರು ಅಪಾಯ ಅಳೆದು ಮಾತ್ರೆ ಬೇಕೋ ಬೇಡವೋ ಹೇಳಬಹುದು. ಹೇಳಿದರು, ಶುರುವಾಗಿದೆ.

ಆಮೇಲೆ ಗೊತ್ತಾಯಿತು, ಆ ಅಕ್ಕನಿಗೆ ಹೆಪಟೈಟಿಸ್ ಬಿ ಲಸಿಕೆಯೇ ಆಗಿಲ್ಲ. ವೈದ್ಯರಿಗೆ, ನರ್ಸ್‌ಗಳಿಗೆ, ಲ್ಯಾಬ್‌ನವರಿಗೆ ಆಗಿದೆ. ಗುತ್ತಿಗೆ ಮೇಲೆ ಬಂದವರ ಹೆಸರು ಪಟ್ಟಿಯಲ್ಲಿ ಇಲ್ಲ. ನಾವು ಎಸೆದ ಸೂಜಿ ಕೊನೆಗೆ ಮುಟ್ಟುವುದು ಅವರನ್ನೇ. 1980ರ ದಶಕದಿಂದ ಇರುವ ಲಸಿಕೆ ಇದು. ಶುರುವಿಗೆ ಒಂದು, ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು. ಒಣಗಿದ ರಕ್ತದಲ್ಲೂ ಆ ವೈರಸ್ ಕನಿಷ್ಠ 7 ದಿನ ಬದುಕಿರುತ್ತೆ, ಅಂದರೆ ಕಸದ ಚೀಲದ ಸೂಜಿ ಹಳೆಯದಾದರೂ ಸುಮ್ನೆ ಬಿಡುವಂಥದ್ದಲ್ಲ. ಸೂಜಿ ಗಾಯದ ವಿಷಯದಲ್ಲಿ ಇಷ್ಟು ಗಟ್ಟಿ ರಕ್ಷಣೆ ಇನ್ನೊಂದಿಲ್ಲ, ಅದನ್ನು ಕೊಡುವುದಕ್ಕೂ ಹುದ್ದೆ ನೋಡುತ್ತೇವೆ. ನಾಚಿಕೆಯಾಗುತ್ತೆ.

ಲಸಿಕೆ ಆದವರೂ ಒಂದು ಕೆಲಸ ಮಾಡಿ. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್ (ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಅನ್ನುವ ಪರೀಕ್ಷೆ) ನೋಡಿಸಬೇಕು, 10 ಅಥವಾ ಅದಕ್ಕಿಂತ ಮೇಲಿರಬೇಕು. ಕೆಲವರ ಮೈಯಲ್ಲಿ ಲಸಿಕೆ ಹತ್ತುವುದಿಲ್ಲ, ಅವರಿಗೆ ಮತ್ತೆ ಹಾಕಬೇಕು. ನರ್ಸಿಂಗ್ ವಿದ್ಯಾರ್ಥಿಗಳ ವಿಷಯದಲ್ಲಿ ಇದು ವಾರ್ಡ್‌ಗೆ ಕಾಲಿಡುವ ಮುಂಚೆಯೇ ಆಗಬೇಕು.

2002ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿತ್ತು: ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಆರೋಗ್ಯ ಕಾರ್ಯಕರ್ತರು ಹೀಗೆ ಸೂಜಿ ಗಾಯದಿಂದ ರಕ್ತದ ಸೋಂಕಿಗೆ ಒಡ್ಡಿಕೊಳ್ಳುತ್ತಾರೆ ಅಂತ. ಅಷ್ಟೂ ಜನ ಬೇಜವಾಬ್ದಾರಿಗಳು ಅಂತ ಯಾರಾದರೂ ನನ್ನ ಮುಖ ನೋಡಿ ಹೇಳಲಿ.

ನಾಳೆ ಬೆಳಿಗ್ಗೆ ಡ್ಯೂಟಿಗೆ ಹೋದಾಗ ನಿಮ್ಮ ವಾರ್ಡ್‌ನಲ್ಲಿ ಇಷ್ಟು ಕೇಳಿ. ರಾತ್ರಿ ಎರಡು ಗಂಟೆಗೆ ಚುಚ್ಚಿದರೆ ಯಾರಿಗೆ ಫೋನ್ ಮಾಡಬೇಕು? ಮಾತ್ರೆ ಯಾವ ಕಪಾಟಿನಲ್ಲಿದೆ? ಅದರ ಕೀಲಿ ಯಾರ ಹತ್ತಿರ ಇದೆ? ಗುತ್ತಿಗೆಯವರ ಲಸಿಕೆ ಪಟ್ಟಿ ಎಲ್ಲಿ? ಉತ್ತರ ಸಿಗದಿದ್ದರೆ ಅದನ್ನೇ ಬರೆದು ಮೇಲಿನವರಿಗೆ ಕೊಡಿ. ಒಬ್ಬರೇ ಕೊಡಲು ಹಿಂಜರಿಕೆಯಾದರೆ ನಾಲ್ಕು ಜನ ಸೇರಿ ಸಹಿ ಹಾಕಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.