ಪಕ್ಕದ ತಟ್ಟೆ

ನಮ್ಮ ಮನೆಯಲ್ಲಿ ಪಥ್ಯ ಶುರುವಾಗಿದ್ದು ಯಾರಿಗೂ ಗೊತ್ತಾಗಲಿಲ್ಲ. ಕಾರಣ ಇಷ್ಟೇ, ಪಥ್ಯ ಶುರು ಮಾಡಿದ್ದು ನನ್ನ ಹೆಂಡತಿ. ಅದೇ ನಾನಾಗಿದ್ದರೆ ಕುವೆಂಪುನಗರದ ನಮ್ಮ ರಸ್ತೆಗೆಲ್ಲ ಗೊತ್ತಾಗುತ್ತಿತ್ತು. ಹಾಲು ಹಾಕುವ ಹುಡುಗನನ್ನೂ ನಿಲ್ಲಿಸಿಕೊಂಡು ನನ್ನ ಶುಗರ್ ಎಷ್ಟು ಅಂತ ಹೇಳಿರುತ್ತಿದ್ದೆ.

ಕಳೆದ ವರ್ಷ ಗೌರಿ ಹಬ್ಬ ಮುಗಿದ ಮೇಲೆ ಅವಳು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದಳು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುತ್ತದಲ್ಲ, ಎಚ್‌ಬಿಎ1ಸಿ ಅಂತ, ಅದು 6.2 ಬಂದಿತ್ತು. 5.7ರ ಕೆಳಗಿದ್ದರೆ ಚಿಂತೆಯಿಲ್ಲ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಇವಳು ಬೇಲಿಯ ಮೇಲೆ ಕೂತಿದ್ದಳು. ಡಾಕ್ಟರು ಮಾತ್ರೆ ಬರೆಯಲಿಲ್ಲ. 'ಊಟ ನೋಡ್ಕೊಳ್ಳಿ, ದಿನಾ ನಡೀರಿ, ಮೂರು ತಿಂಗಳು ಬಿಟ್ಟು ಬನ್ನಿ' ಅಂದರಂತೆ. ನನಗೂ ಹೇಳಿದಳು. ನಾನು ಪೇಪರಿನಿಂದ ತಲೆ ಎತ್ತದೆ 'ಹೂಂ, ಹುಷಾರು' ಅಂದೆ. ಗಂಡನ ಕರ್ತವ್ಯ ಅಲ್ಲಿಗೆ ಮುಗಿಯಿತು.

ಆಮೇಲೂ ನಮ್ಮ ತಟ್ಟೆಗೆ ಬರುವುದು ಬರುತ್ತಲೇ ಇತ್ತು. ಬಿಸಿ ಅನ್ನ, ಸಾರು, ಹಪ್ಪಳ, ಭಾನುವಾರ ಪೂರಿ. ನಮಗೆಲ್ಲ ಮಾಡಿಟ್ಟು, ಪಕ್ಕದ ಒಲೆಯಲ್ಲಿ ಒಂದು ಪುಟ್ಟ ಬಾಣಲೆ ಇಟ್ಟು ತನ್ನದನ್ನು ತಾನು ಮಾಡಿಕೊಳ್ಳುತ್ತಿದ್ದಳು. ಹೈಸ್ಕೂಲ್ ಟೀಚರ್ ಅವಳು. ಬೆಳಗ್ಗೆ ಎಂಟೂವರೆಗೆ ಮನೆ ಬಿಡಬೇಕು. ಆ ಗಡಿಬಿಡಿಯಲ್ಲಿ ಎರಡೆರಡು ಅಡುಗೆ. ಹದಿನೈದು ದಿನ ನನ್ನ ಕಣ್ಣಿಗೆ ಆ ಬಾಣಲೆ ಬೀಳಲೇ ಇಲ್ಲ ಅಂದರೆ ನನ್ನ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಬೇಕು.

ಅವಳ ಪಥ್ಯ ಮನೆಗೆ ಹರಡಿತು ಅಂತ ಈಗ ನೆಂಟರೆಲ್ಲ ಹೊಗಳುತ್ತಾರೆ. ಆದರೆ ಮೊದಲು ಹರಡಿದ್ದು ಊಟವಲ್ಲ, ಊಟದ ಹೊತ್ತು. ನಾವು ಉಣ್ಣುತ್ತಿದ್ದದ್ದು ರಾತ್ರಿ ಒಂಬತ್ತೂವರೆಗೆ, ಟೀವಿ ಮುಂದೆ. ಅವಳು ಏಳೂವರೆಗೇ ಉಂಡು ಮುಗಿಸತೊಡಗಿದಳು. ಒಂದು ವಾರ ನಮಗೆ ಬಡಿಸಲು ಮತ್ತೆ ಎದ್ದು ಬಂದಳು. ಎಂಟನೇ ದಿನ 'ಟೆಸ್ಟ್ ಪೇಪರ್ ತಿದ್ತಾ ಇದೀನಿ, ನೀವೇ ಬಡಿಸ್ಕೊಳ್ರೀ' ಅಂತ ರೂಮಿನಿಂದಲೇ ಕೂಗಿದಳು. ಅಪ್ಪ ಮಗ ಇಬ್ಬರೂ ಅಡುಗೆಮನೆಗೆ ಹೋಗಿ ನಿಂತೆವು. ಸಾರು ಆರಿತ್ತು. ಸೌಟು ಎಲ್ಲಿದೆ ಗೊತ್ತಿಲ್ಲ. ಉಪ್ಪಿನಕಾಯಿ ಜಾಡಿ ಸಿಕ್ಕಿತು, ಮುಚ್ಚಳ ತೆಗೆಯಲು ಬರಲಿಲ್ಲ. ಮಾರನೆಯ ದಿನ ಏಳೂವರೆಗೆ ಸರಿಯಾಗಿ ಇಬ್ಬರೂ ಅವಳ ಆಚೆ ಈಚೆ ಕೂತಿದ್ದೆವು. ಬೇಗ ಉಂಡರೆ ಜೀರ್ಣಕ್ಕೆ ಒಳ್ಳೆಯದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಸೋಮಾರಿತನವೇ ಹೇಳಿಕೊಟ್ಟಿತು.

ಪಕ್ಕದಲ್ಲಿ ಕೂತ ಮೇಲೆ ಅವಳ ತಟ್ಟೆ ಕಣ್ಣಿಗೆ ಬಿತ್ತು. ನಮ್ಮದು ಬೆಳ್ಳಗೆ, ಅನ್ನದ ಗುಡ್ಡ. ಅವಳದರಲ್ಲಿ ಅರ್ಧ ತಟ್ಟೆ ಗೋರಿಕಾಯಿ ಪಲ್ಯ, ಮೇಲೆ ಒಂಚೂರು ಕಾಯಿತುರಿ. ಪಕ್ಕದಲ್ಲಿ ಹೆಸರುಬೇಳೆ, ಕ್ಯಾರೆಟ್, ಸೌತೆಕಾಯಿ ಹಾಕಿದ ಕೋಸಂಬರಿ. ಒಂದು ಬಟ್ಟಲು ಮಸ್ಸೊಪ್ಪು. ಕೊನೆಗೆ, ನೆಂಟರ ಮನೆಯ ಮಗುವಿನ ಹಾಗೆ, ಮೂಲೆಯಲ್ಲಿ ಒಂದು ಹಿಡಿ ಅನ್ನ. ಅವಳು ಪಲ್ಯ, ಕೋಸಂಬರಿ ಮೊದಲು ತಿನ್ನುತ್ತಿದ್ದಳು, ಅನ್ನ ಆಮೇಲೆ. ನಾರು ಮೊದಲು ಒಳಗೆ ಹೋದರೆ ಸಕ್ಕರೆ ನಿಧಾನಕ್ಕೆ ಏರುತ್ತದಂತೆ. ಇದ್ಯಾವುದನ್ನೂ ಅವಳು ಪಾಠ ಮಾಡಲಿಲ್ಲ. ದಿನವಿಡೀ ಪಾಠ ಮಾಡುವವರು ಮನೆಯಲ್ಲಿ ಬಾಯಿ ತೆರೆಯುವುದಿಲ್ಲ, ಅದೊಂದು ಪುಣ್ಯ.

ಮೊದಲು ಕೈ ಹಾಕಿದವನು ಮಗ. 'ಒಂದು ಸ್ಪೂನ್ ಅಮ್ಮಾ, ಟೇಸ್ಟಿಗೆ' ಅಂತ ಕೋಸಂಬರಿ ತೆಗೆದುಕೊಂಡ. ಮಾರನೆ ದಿನ ನಾನು. ಪಕ್ಕದ ತಟ್ಟೆಯದ್ದಕ್ಕೆ ರುಚಿ ಜಾಸ್ತಿ, ಅಲ್ವಾ? ಅದನ್ನೇ ನನ್ನ ತಟ್ಟೆಗೆ ಬಡಿಸಿದ್ದರೆ ಮುಖ ಸಿಂಡರಿಸುತ್ತಿದ್ದೆ. ಹೀಗೆ ದಿನಾ ನಾಲ್ಕು ಕೈ ಬಿದ್ದು ಅವಳಿಗೇ ಸಾಲದೆ ಬಂತು. ತನ್ನ ಪಾಲು ಉಳಿಯಲಿ ಅಂತ ಕೋಸಂಬರಿಯನ್ನು ದೊಡ್ಡ ಪಾತ್ರೆಯಲ್ಲಿ ಮಾಡತೊಡಗಿದಳು. ಪುಟ್ಟ ಬಾಣಲೆ ಅಟ್ಟ ಸೇರಿತು. ಪಲ್ಯ ಹೆಚ್ಚಾದಷ್ಟು ಅನ್ನದ ಗುಡ್ಡ ಸವೆಯಿತು. ಪೂರಿ ಹದಿನೈದು ದಿನಕ್ಕೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೆ ಹೋಯಿತು. ನಮ್ಮ ದಿನಸಿ ಅಂಗಡಿಯವರು ಒಂದು ದಿನ ಕೇಳಿದರು, 'ಏನ್ ಸಾರ್, ಎಣ್ಣೆ ಬೇರೆ ಕಡೆ ತಗೋತಿದ್ದೀರಾ?' ತಿಂಗಳಿಗೆ ನಾಲ್ಕು ಪ್ಯಾಕೆಟ್ ಹೋಗುತ್ತಿದ್ದದ್ದು ಎರಡಕ್ಕೆ ಇಳಿದಿತ್ತು. ಪಾಪ, ಅವರಿಗೆ ನಿಷ್ಠೆಯ ಪ್ರಶ್ನೆ.

ಎಲ್ಲವೂ ಹೀಗೇ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ನವಣೆ ಅನ್ನದ ಪ್ರಕರಣವೊಂದಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಅಂತ ಸಾರಿತ್ತು. ಅದೇ ವರ್ಷ ಸಿರಿಧಾನ್ಯದ ಡಾಕ್ಟರ್ ಖಾದರ್ ಅವರಿಗೆ ಪದ್ಮಶ್ರೀ ಬಂತು. ಅವರು ಮೈಸೂರಿನವರು. ಹಾಗಾಗಿ ಊರಿನಲ್ಲಿ ಯಾರ ಮನೆಗೆ ಹೋದರೂ ನವಣೆ, ಸಾಮೆ, ಹಾರಕ, ಊದಲು, ಕೊರಲೆ ಅಂತ ಪಂಚಪಾಂಡವರ ಹೆಸರು ಹೇಳಿದ ಹಾಗೆ ಹೇಳುತ್ತಿದ್ದರು. ಆ ಗಾಳಿ ನನಗೆ ಈಗ ಬೀಸಿತು, ಎಲ್ಲರಿಗಿಂತ ತಡವಾಗಿ. ಹೆಂಡತಿಯನ್ನು ಮೀರಿಸುವ ಹುಮ್ಮಸ್ಸಿನಲ್ಲಿ ದೇವರಾಜ ಮಾರ್ಕೆಟ್ಟಿಗೆ ಹೋಗಿ ಎರಡು ಕೇಜಿ ನವಣೆ ತಂದೆ. ಅವಳು ಸ್ಕೂಲಿಗೆ ಹೋಗಿದ್ದಾಗ ನಾನೇ ಕುಕ್ಕರಿಗೆ ಇಟ್ಟೆ. ನೆನೆಹಾಕಬೇಕು ಅಂತ ಯಾರಿಗೆ ಗೊತ್ತು? ಮಗ ಮುಚ್ಚಳ ತೆಗೆದು ನೋಡಿ, ತೀರಾ ಸಮಾಧಾನದಿಂದ ಕೇಳಿದ: 'ಅಪ್ಪಾ, ಇದು ಲವ್‌ಬರ್ಡ್ಸ್‌ಗೆ ಹಾಕೋದಲ್ವಾ?' ಉಳಿದ ನವಣೆ ಈಗ ಎದುರು ಮನೆಯ ಪಂಜರದಲ್ಲಿ ಸದ್ವಿನಿಯೋಗವಾಗುತ್ತಿದೆ. ಆ ಹಕ್ಕಿಗಳ ಶುಗರ್ ಚೆನ್ನಾಗಿರಬೇಕು.

ಮಗನಿಗೆ ಎಲ್ಲದಕ್ಕೂ ಅಂಕಿ ಅಂಶ ಬೇಕು. ಒಂದು ರಾತ್ರಿ ಊಟಕ್ಕೆ ಕೂತಾಗ ಫೋನಿನಲ್ಲಿ ಓದಿ ಹೇಳಿದ. ಅಮೆರಿಕದಲ್ಲಿ ಫ್ರೇಮಿಂಗ್‌ಹ್ಯಾಮ್ ಅಂತ ಒಂದು ಊರು. ಅಲ್ಲಿನ ಹನ್ನೆರಡು ಸಾವಿರ ಜನರ 32 ವರ್ಷಗಳ ದಾಖಲೆ ಹಿಡಿದು ಲೆಕ್ಕ ಹಾಕಿ 2007ರಲ್ಲಿ ಪ್ರಕಟಿಸಿದರಂತೆ. ಗಂಡ ಹೆಂಡತಿಯಲ್ಲಿ ಒಬ್ಬರು ಬೊಜ್ಜು ಬೆಳೆಸಿಕೊಂಡರೆ ಇನ್ನೊಬ್ಬರಿಗೂ ಬರುವ ಸಂಭವ ನೂರಕ್ಕೆ 37ರಷ್ಟು ಹೆಚ್ಚುತ್ತದೆ. 'ನೋಡು, ಎಲ್ಲ ನಿನ್ನಿಂದಲೇ' ಅಂದೆ ಅವಳಿಗೆ. 'ಪೂರ್ತಿ ಕೇಳಿಪ್ಪಾ' ಅಂದ ಮಗ. ಸ್ನೇಹಿತ ದಪ್ಪಗಾದರೆ 57! ಅಲ್ಲಿಗೆ ನನ್ನ ಹೊಟ್ಟೆಯ ಇತಿಹಾಸ ಬಯಲಾಯಿತು. ಆಫೀಸಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ನಾವಿಬ್ಬರೂ ಇಪ್ಪತ್ತು ವರ್ಷದಿಂದ ಹನ್ನೊಂದು ಗಂಟೆಗೆ ಸರಿಯಾಗಿ ಮಸಾಲೆ ದೋಸೆಗೆ ಎದ್ದು ಹೋಗುತ್ತೇವೆ. ಆ ಲೆಕ್ಕದ ರೀತಿಯೇ ಸರಿಯಿಲ್ಲ ಅಂತ ವಾದಿಸಿದ ಪಂಡಿತರೂ ಇದ್ದಾರಂತೆ. ಅವರು ನಮ್ಮ ಆಫೀಸಿಗೆ ಒಮ್ಮೆ ಬಂದು ನೋಡಲಿ.

ಹೊರಗಿನ ತಿಂಡಿಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಮನೆಯಲ್ಲಿ ಪಥ್ಯ ಹೆಚ್ಚಾದ ಹಾಗೆ ನನ್ನ ಕಳ್ಳತನವೂ ಹೆಚ್ಚಾಯಿತು. ಸಯ್ಯಾಜಿರಾವ್ ರಸ್ತೆಯಲ್ಲಿ ಬರುವಾಗ ಸ್ಕೂಟರ್ ತಾನಾಗಿ ನಿಧಾನವಾಗುತ್ತದೆ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ನಾಲ್ವಡಿಯವರ ಕಾಲದಲ್ಲಿ ಮೈಸೂರು ಪಾಕ್ ಮಾಡಿದರು ಅನ್ನುತ್ತಾರೆ. ಕಡಲೆಹಿಟ್ಟು, ಸಕ್ಕರೆ, ತುಪ್ಪ, ಮೂರೇ ವಸ್ತು. ಕಡಲೆಹಿಟ್ಟು ಅಂದರೆ ಬೇಳೆಯೇ ತಾನೆ, ಪ್ರೋಟೀನ್! ಹೀಗೆ ವಾದ ಕಟ್ಟಿಕೊಂಡು ನೂರು ಗ್ರಾಂ ಕಟ್ಟಿಸಿಕೊಂಡು ಡಿಕ್ಕಿಯಲ್ಲಿಟ್ಟಿರುತ್ತಿದ್ದೆ. ಬೆಂಗಳೂರು ಕಡೆ ಹೋಗುವಾಗ ಮಾತ್ರ ಒಂದು ಪಾಪ ತಪ್ಪಿದೆ. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರು ಮದ್ದೂರಿನ ಒಳಕ್ಕೆ ಹೋಗುವುದಿಲ್ಲ, ಬೈಪಾಸಿನಲ್ಲಿ ಹಾರಿಹೋಗುತ್ತದೆ. ಹಿಂದಿನ ಹಾಗೆ ಪ್ರತಿ ಸಲ ಇಳಿದು ಎರಡೆರಡು ಮದ್ದೂರು ವಡೆ ತಿಂದಿದ್ದರೆ ಎದೆಗೇ ಬೈಪಾಸ್ ಬೇಕಾಗುತ್ತಿತ್ತೋ ಏನೋ.

ಸಂಕ್ರಾಂತಿ ಕಳೆದ ಮೇಲೆ ಅವ್ವ ಊರಿಂದ ಬಂದಳು. ಮಂಡ್ಯದ ಹತ್ತಿರದ ಹಳ್ಳಿ ನಮ್ಮದು, ವಿಶ್ವೇಶ್ವರಯ್ಯ ನಾಲೆಯ ಬಯಲು. ನಮ್ಮ ತಾತನ ಕಾಲದಲ್ಲಿ ಅಲ್ಲಿ ಬರೀ ರಾಗಿ, ಹುರುಳಿ, ಅವರೆ. ಅನ್ನ ಅಂದರೆ ಹಬ್ಬ. 1930ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಬಂತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, ಹೊಲ ಗದ್ದೆಯಾಯಿತು, ಭತ್ತ ಕಬ್ಬು ಬಂದವು. ಜೊತೆಗೆ ದಿನಾ ಅನ್ನ ಉಣ್ಣುವ ದೊಡ್ಡಸ್ತಿಕೆ ಬಂತು. ಹೊಟ್ಟೆ ತುಂಬಿಸಿದ ನೀರು ಅದು, ದೂರುವುದಿಲ್ಲ. ಆದರೆ ಮುದ್ದೆ ಬಡವರ ಊಟ ಅಂತ ನಾಚಿಕೊಳ್ಳುವಷ್ಟು ನಾವು ಮೆರೆದದ್ದು ಮಾತ್ರ ಹೌದು.

ಅವ್ವ ಬಂದ ದಿನ ರಾತ್ರಿ ಊಟಕ್ಕೆ ಕೂತೆವು. ಅವ್ವನ ನೆಪದಲ್ಲಿ ನನಗೂ ಮಗನಿಗೂ ಹಳೆಯ ಊಟ ಬೇಕೆನಿಸಿತ್ತು. ಅನ್ನ, ಹುಳಿ, ಸಂಡಿಗೆ ಎಲ್ಲ ಹೇಳಿ ಮಾಡಿಸಿದ್ದೆ. ಹೆಂಡತಿ ನಮಗೆ ಬಡಿಸಿ, ಅಟ್ಟದಿಂದ ಇಳಿಸಿದ ಅದೇ ಪುಟ್ಟ ಬಾಣಲೆಯಲ್ಲಿ ತನ್ನದು ಮಾಡಿಕೊಂಡು, ಎಲ್ಲರದೂ ಮುಗಿಯುವ ಹೊತ್ತಿಗೆ ಬಂದು ಕೂತಳು. ಅವ್ವ ನೋಡಿದಳು.

'ಅದ್ಯಾಕ್ಲಾ ಅವ್ಳೊಬ್ಳೇ ಬ್ಯಾರೆ ಉಣ್ತಾವ್ಳೆ?'

'ಅವಳಿಗೆ ಶುಗರ್ ಕಣವ್ವ, ಗಡಿಯಲ್ಲಿದೆ.'

'ನಿಮ್ಮಪ್ಪಂಗೆ ಸಕ್ರೆ ಕಾಯ್ಲೆ ಬಂದಾಗ ನಾನು ಬ್ಯಾರೆ ಉಂಡ್ನಾ?'

ನಾನು ಸುಮ್ಮನಾದೆ. 1998ರಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ದಿನವೇ ಅವ್ವ ಬೆಲ್ಲದ ಡಬ್ಬ ಎತ್ತಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದ್ದಳು. ಆಲೆಮನೆಯ ಹೊಗೆ ಮನೆಯೊಳಕ್ಕೇ ಬರುವ ಊರಿನಲ್ಲಿ ಬೆಲ್ಲವಿಲ್ಲದ ಮನೆ ನಮ್ಮದೊಂದೇ. ನಾವು ಮಕ್ಕಳು ಗೊಣಗಿದೆವು, ಅಕ್ಕಪಕ್ಕದವರ ಮನೆಗೆ ಹೋಗಿ ತಿಂದು ಬಂದೆವು. ಅವ್ವ ಮಾತ್ರ ತನ್ನ ಕಾಫಿಗೂ ಬೆಲ್ಲ ಹಾಕಲಿಲ್ಲ. ಅಪ್ಪ ಹೋದದ್ದು 2012ರಲ್ಲಿ. ಆಮೇಲೆ ಒಂದು ದಿನ ಬೆಲ್ಲದ ಕಾಫಿ ಮಾಡಿಕೊಟ್ಟರೆ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟಳು. 'ನಾಲ್ಗೆಗೆ ಮರ್ತೋಗದೆ' ಅಂದಳು. ಹದಿನಾಲ್ಕು ವರ್ಷ ಅವಳೂ ಪಥ್ಯ ಮಾಡಿದ್ದಳು ಅನ್ನುವುದು ನಮ್ಮಲ್ಲಿ ಯಾರ ತಲೆಗೂ ಹೋಗಿರಲಿಲ್ಲ. ಗಂಡನಿಗೆ ಶುಗರ್ ಬಂದರೆ ಮನೆಗೇ ಪಥ್ಯ. ಹೆಂಡತಿಗೆ ಬಂದರೆ ಪುಟ್ಟ ಬಾಣಲೆ. ಇದನ್ನು ಕಾನೂನು ಮಾಡಿದವರು ಯಾರೋ, ನಾನಂತೂ ಚಾಚೂ ತಪ್ಪದೆ ಪಾಲಿಸಿದ್ದೆ.

ಆ ವಾರವೇ ಹೆಂಡತಿ ಎರಡನೇ ಸಲ ರಕ್ತ ಕೊಡುವುದಿತ್ತು. ಮೂರು ತಿಂಗಳು ಅಂದದ್ದು ನಾಲ್ಕಾಗಿತ್ತು. ಜೊತೆಗೆ ಹೋದ ತಪ್ಪಿಗೆ ನಾನೂ ಕೈ ಚಾಚಿದೆ. ಸಂಜೆ ಫೋನಿಗೆ ಎರಡೂ ರಿಪೋರ್ಟ್ ಒಟ್ಟಿಗೆ ಬಂದವು. ಅವಳದು 5.9. ನನ್ನದು 6.3.

ಅವಳು ಏನೂ ಅನ್ನಲಿಲ್ಲ. ಸ್ಕೂಟರಿನ ಡಿಕ್ಕಿ ತೆಗೆದು, ಪೊಟ್ಟಣ ಎತ್ತಿಕೊಂಡು ಹೋಗಿ ಮಗನಿಗೆ ಕೊಟ್ಟಳು. ಡಿಕ್ಕಿಯ ವಿಷಯ ಅವಳಿಗೆ ಮೊದಲಿಂದಲೂ ಗೊತ್ತಿತ್ತಂತೆ.

ಆ ಶನಿವಾರ ರಾತ್ರಿಯ ಅಡುಗೆ ನನ್ನದು ಅಂದೆ. ಬಸ್ಸಾರು ಅವ್ವನದು, ಮುದ್ದೆ ನನ್ನದು. ಮುದ್ದೆ ತಿಂದರೆ ಶುಗರ್ ಹತ್ತಿರ ಸುಳಿಯುವುದಿಲ್ಲ ಅನ್ನುವ ಮಂಡ್ಯದವರ ಹೆಮ್ಮೆಯನ್ನು ಡಾಕ್ಟರು ಆಗಲೇ ಮುರಿದಿದ್ದರು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಜಾಸ್ತಿ ಸುಣ್ಣದಂಶ ಇದೆ, ನಾರಿದೆ, ಎಲ್ಲ ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನಲ್ಲಿ ಕ್ರಿಕೆಟ್ ಚೆಂಡನ್ನು ಮೀರಿದ ಮುದ್ದೆ ಕಟ್ಟಿ ಎರಡೆರಡು ನುಂಗಿದರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಸಣ್ಣದಿರಲಿ, ಸೊಪ್ಪು ಕಾಳು ಜಾಸ್ತಿ ಇರಲಿ ಅಂದಿದ್ದರು. ನೀರು ಮರಳಿತು. ಹಿಟ್ಟು ಸುರಿದೆ. ಬೇಯಲು ಬಿಡದೆ ಕೋಲು ಹಾಕಿ ತಿರುವಿದೆ. ಪಾತ್ರೆ ಒಲೆಯ ಮೇಲೆಲ್ಲ ಕುಣಿಯಿತು. ಊರಿನಲ್ಲಿ ಅವ್ವ ಪಾತ್ರೆಯನ್ನು ಕೆಳಗಿಳಿಸಿ ಕಾಲಿನಲ್ಲಿ ಅದುಮಿ ಹಿಡಿದು ತೊಳಸುತ್ತಿದ್ದದ್ದು ಯಾಕೆ ಅಂತ ಐವತ್ತೆಂಟನೇ ವಯಸ್ಸಿನಲ್ಲಿ ಅರ್ಥವಾಯಿತು. ಹೆಂಡತಿ ಎರಡು ಸಲ ಅಡುಗೆಮನೆ ಬಾಗಿಲಿಗೆ ಬಂದಳು. ಎರಡು ಸಲವೂ ಅವ್ವ ಅವಳನ್ನು ಹೊರಗೆ ಕಳಿಸಿದಳು.

ಏಳೂವರೆಗೆ ನಾಲ್ಕು ತಟ್ಟೆ. ನಾಲ್ಕರಲ್ಲೂ ಒಂದೇ ಊಟ. ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಬೇಕು. ಹಾಗಾಗಿ ಗಂಟಿದ್ದರೆ ಗಂಟಲಿಗೇ ಗೊತ್ತಾಗುತ್ತದೆ. ಮಗ ನೀರು ಕುಡಿದ. ಅವ್ವ ಹೆಬ್ಬೆರಳಿನಲ್ಲಿ ಮುದ್ದೆ ಒತ್ತಿ ಒತ್ತಿ ನೋಡಿ, ಒಳಗೆ ಒಣಹಿಟ್ಟು ಉಳಿದಿದ್ದ ಗಂಟುಗಳನ್ನು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟಳು. ಏಳು.

'ಇರಿ ಅತ್ತೆ, ನಾನು ಬೇರೆ ತಿರುವಿ ತರ್ತೀನಿ' ಅಂತ ನನ್ನ ಹೆಂಡತಿ ಅರ್ಧ ಎದ್ದಳು.

'ಕೂತ್ಕೊಳವ್ವ ನೀನು' ಅಂದಳು ಅವ್ವ, ತಟ್ಟೆಯನ್ನು ನನ್ನ ಕಡೆ ತಿರುಗಿಸುತ್ತಾ. 'ಆರೋಯ್ತದೆ, ಉಣ್ಣು. ಗಂಟ ಅವ್ನೇ ತಿಂತಾನೆ.'