ಸೌಂಡ್ ಮಾಡಿ ತೋರ್ಸಿ ಸಾ

ಶನಿವಾರದ ಗ್ಯಾರೇಜ್ ಬಿಲ್ಲು ಇನ್ನೂ ಜೇಬಲ್ಲೇ ಇದೆ. 23,600 ರೂಪಾಯಿ. ಹೆಂಡತಿಗೆ ಹನ್ನೆರಡು ಸಾವಿರ ಅಂತ ಹೇಳಿದ್ದೇನೆ. ಇದನ್ನು ಓದಿದವರು ನಮ್ಮ ಮನೆ ಕಡೆ ಬಂದರೆ ದಯವಿಟ್ಟು ಬಾಯಿ ಬಿಡಬೇಡಿ.

ಮೂರು ವರ್ಷದ ಹಿಂದೆ ಮೈಸೂರಲ್ಲೇ ಈ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ತಗೊಂಡೆ. ಡೀಸೆಲ್, ಏಳು ಸೀಟು, 2014ರ ಮಾಡೆಲ್. ಕಂಪನಿ ಹೆಸರು ಬೇಡ. ಗಾಡಿ ಬೇಜಾರು ಮಾಡಿಕೊಂಡರೆ ಅದಕ್ಕೊಂದು ಹೊಸ ಖರ್ಚು. "ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್, ಆಸ್ಪತ್ರೆಗೂ ಮನೆಗೂ ಅಷ್ಟೇ ಓಡಿರೋದು" ಅಂದಿದ್ದ ಬ್ರೋಕರ್. ಈ ಊರಲ್ಲಿ ಮಾರೋಕೆ ನಿಂತ ಗಾಡಿಯೆಲ್ಲ ಡಾಕ್ಟರದೇ. ಮೀಟರ್ 68 ಸಾವಿರ ತೋರಿಸುತ್ತಿತ್ತು. ನಮ್ಮ ಮೆಕ್ಯಾನಿಕ್ ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ. ಬಗ್ಗಿ ಕ್ಲಚ್ ಪೆಡಲ್ ನೋಡಿದ. ಅದರ ರಬ್ಬರ್ ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿ ಥರ ಸವೆದಿತ್ತು. "ಮೀಟ್ರು ತಿರುಗಿಸ್ಬೋದು ಸಾ, ಇದನ್ನ ಏನ್ ಮಾಡಕ್ಕಾಯ್ತದೆ?" ಅಂದ.

ಆರೇ ತಿಂಗಳಿಗೆ ಕ್ಲಚ್ ಹೋಯಿತು. ಕ್ಲಚ್ ಪ್ಲೇಟ್ ಹಾಕಬೇಕಂದ್ರೆ ಗೇರ್ ಬಾಕ್ಸ್ ಇಳಿಸಬೇಕು. ಇಳಿಸಿದ ಮೇಲೆ "ಹೆಂಗೂ ಬಿಚ್ಚಿದೀವಿ ಸಾ" ಅಂತ ಪ್ರೆಷರ್ ಪ್ಲೇಟು, ಬೇರಿಂಗು ಎಲ್ಲ ಹೊಸದಾಯಿತು. ಆಮೇಲೆ ಎಸಿಯ ಕೂಲಿಂಗ್ ಕಾಯಿಲ್ ತೂತು. ಅದು ಕೂತಿರುವುದು ಡ್ಯಾಶ್‌ಬೋರ್ಡ್ ಒಳಗೆ. ಹೆಂಗೂ ಬಿಚ್ಚಿದೀವಿ! ಕನ್ನಡದಲ್ಲಿ ಇದಕ್ಕಿಂತ ದುಬಾರಿ ಮಾತನ್ನು ನಾನು ಕೇಳಿಲ್ಲ. ನಾಲ್ಕು ಟೈರಿನ ರೇಟು ಹೇಳುವುದಿಲ್ಲ, ಹೊಟ್ಟೆ ಉರಿಯುತ್ತದೆ.

ಈ ಸಲ ಸದ್ದಿನ ಕಾಟ. ಹಂಪ್ ಹತ್ತಿದರೆ ಸದ್ದು. ಗ್ಯಾರೇಜಿಗೆ ಹೋದರೆ ಗಾಡಿ ಗಪ್‌ಚುಪ್. ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ, ರಾಮನವಮಿ ಕಚೇರಿಯಲ್ಲಿ ಆಲಾಪನೆ ಕೇಳುವವನ ಹಾಗೆ ನಿಂತ. ತಾಳ ಹಾಕುವುದೊಂದು ಬಾಕಿ. ಆಮೇಲೆ ಕಣ್ಣು ಬಿಟ್ಟು, "ಏನೂ ಕೇಳ್ತಿಲ್ಲ. ನೀವೇ ಸೌಂಡ್ ಮಾಡಿ ತೋರ್ಸಿ ಸಾ" ಅಂದ.

ಆಚೀಚೆ ನೋಡಿ ಮೆಲ್ಲಗೆ "ಲೊಟ್ ಲೊಟ್" ಅಂದೆ.

"ಜೋರಾಗಿ ಸಾ, ಗ್ರೈಂಡರ್ ಓಡ್ತಾ ಅದೆ."

"ಲೊಟ್! ಲೊಟ್!"

"ಲೊಟ್ಟೋ, ಲಟಕ್ಕೋ?"

ಇವಳು ಕಾರಿಂದ ಇಳಿದು ಬಂದಳು. "ಲೊಟ್ಟೂ ಇಲ್ಲ, ಲಟಕ್ಕೂ ಇಲ್ಲ. ನಿಮಗೆ ಯಾವತ್ತು ಸರಿಯಾಗಿ ಕೇಳಿಸಿದೆ? ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕುಂಯ್ಯ್ ಅನ್ನತ್ತೆ." ಮಗಳು ಮೊಬೈಲಿಂದ ತಲೆ ಎತ್ತದೆ, "ಕಟಕಟ, ಅಪ್ಪ" ಅಂದಳು.

ಹೈಸ್ಕೂಲಲ್ಲಿ ಅನುಕರಣಾವ್ಯಯ ಅಂತ ಒಂದು ಪಾಠ ಇತ್ತು, ನೆನಪಿದೆಯಲ್ವಾ? ಒಂದು ಮಾರ್ಕಿಗೆ ಬಾಯಿಪಾಠ ಮಾಡಿದ್ದು. ಅದು ಮುಂದೊಂದು ದಿನ ಗ್ಯಾರೇಜಲ್ಲಿ ಕೆಲಸಕ್ಕೆ ಬರುತ್ತದೆ ಅಂತ ನಮ್ಮ ಮೇಷ್ಟ್ರು ಹೇಳಿರಲಿಲ್ಲ. ಮೂವರೂ ಸಾಲಾಗಿ ನಿಂತು ಲೊಟ್, ಕುಂಯ್, ಕಟಕಟ ಅನ್ನುತ್ತಿದ್ದೆವು. ಪಕ್ಕದ ಪಂಚರ್ ಅಂಗಡಿಯ ಹುಡುಗ ಕೆಲಸ ಬಿಟ್ಟು ಬಂದ. ಟೀ ತಂದವನು ಲೋಟ ಹಿಡಿದೇ ನಿಂತ. ಸಂಬಂಧವೇ ಇಲ್ಲದ ಯಾರೋ ಒಬ್ಬರು, "ನಮ್ ಗಾಡೀಲಿ ಗುಡುಗುಡು ಬತ್ತಿತ್ತು, ನೋಡುದ್ರೆ ಡಿಫರೆನ್ಶಿಯಲ್ಲೇ ಹೋಗಿತ್ತು" ಅಂತ ಹೇಳಿ, ನನ್ನ ಎದೆಯಲ್ಲೂ ಒಂದಿಷ್ಟು ಗುಡುಗುಡು ಎಬ್ಬಿಸಿ ಹೋದರು.

ಕೊನೆಗೆ ನೋಡಿದರೆ ಮೂವರದ್ದೂ ಸರಿ. ಲೊಟ್ ಲೊಟ್ ಅಂದರೆ ಲಿಂಕ್ ರಾಡ್, ಲೋಯರ್ ಆರ್ಮ್ ಬುಷ್, ಎರಡೂ ಕಡೆ. ಕುಂಯ್ ಅಂದರೆ ಬೆಲ್ಟು, ಅದರ ಜೊತೆಗೆ ಟೆನ್ಷನರ್. (ಆ ಹೆಸರಿಟ್ಟ ಪುಣ್ಯಾತ್ಮನ ಹತ್ತಿರವೂ ಹಳೇ ಗಾಡಿ ಇದ್ದಿರಬೇಕು.) ಕಟಕಟ ಮಾತ್ರ ಎರಡು ದಿನ ಸಿಗಲೇ ಇಲ್ಲ. ಆಮೇಲೆ ಹಿಂದಿನ ಸೀಟಿನಡಿ ಸಿಕ್ಕಿತು. ಪ್ಲಾಸ್ಟಿಕ್ ಸ್ಟೂಲು.

ಅದು ಅಪ್ಪನನ್ನು ಗಾಡಿ ಹತ್ತಿಸುವ ಸ್ಟೂಲು. ಹೊಸದರಲ್ಲಿ ಅಪ್ಪ ಬಾಗಿಲ ಮೇಲಿನ ಹಿಡಿ ಹಿಡಿದು ತಾವೇ ಹತ್ತುತ್ತಿದ್ದರು. ಶ್ರೀರಂಗಪಟ್ಟಣದ ಕಡೆ ಹೊರಟಾಗ ಮುಂದೆ ಕೂತು, "ಇಷ್ಟು ವರ್ಷ ಬೇಲಿ ನೋಡ್ಕೊಂಡೇ ಓಡಾಡಿದ್ನಲ್ಲೋ, ಆಚೆಗೆ ಇಷ್ಟೊಂದು ಗದ್ದೆ ಅದೆ" ಅಂದಿದ್ದರು. ಮಂಡಿ ನೋವು ಜಾಸ್ತಿಯಾದ ಮೇಲೆ ಸ್ಟೂಲು ಬಂತು. ಈಗೀಗ ಸ್ಟೂಲೂ ಎತ್ತರ ಅನ್ನಿಸುತ್ತದೋ ಏನೋ, "ನೀವೇ ಹೋಗ್ಬನ್ನಿ" ಅನ್ನುತ್ತಾರೆ.

"ಇದನ್ನ ಮನೇಲಿ ಇಟ್ಬುಡಿ ಸಾ, ಖರ್ಚಿಲ್ದೆ ಸೌಂಡ್ ಹೋಯ್ತದೆ" ಅಂದ ಮೆಕ್ಯಾನಿಕ್. ಈ ಗಾಡಿಗೆ ಖರ್ಚಿಲ್ಲದ ರಿಪೇರಿ ಅಂತ ಅವನು ಹೇಳಿದ್ದು ಅದೊಂದೇ. ನಾನು ಸ್ಟೂಲಿಗೆ ಹಳೇ ಟವೆಲ್ ಸುತ್ತಿ ಮತ್ತೆ ಅಲ್ಲೇ ಇಟ್ಟೆ.

ನಿನ್ನೆಯಿಂದ ಹೊಸ ಸದ್ದು. ಆಕ್ಸಿಲರೇಟರ್ ಒತ್ತಿದರೆ ಸುಯ್ ಅನ್ನುತ್ತದೆ, ಪಿಕಪ್ಪೇ ಇಲ್ಲ. ಆಫೀಸಿಂದ ಫೋನ್ ಮಾಡಿದೆ. "ಟರ್ಬೋ ಪೈಪ್ ಬಿಟ್ಟಿರ್ಬೇಕು ಸಾ. ಇಲ್ಲಾಂದ್ರೆ ಟರ್ಬೋನೇ" ಅಂದ. ಎಷ್ಟು ಆರಾಮಾಗಿ ಅಂದ ಅಂದರೆ, ಪೈಪಿಗೂ ಟರ್ಬೋಗೂ ನಡುವೆ ನನ್ನ ಒಂದು ತಿಂಗಳ ಸಂಬಳ ಇದೆ ಅನ್ನುವುದು ಗೊತ್ತೇ ಇಲ್ಲದವನ ಹಾಗೆ. "ಎಲ್ಲಿ, ಒಂದ್ಸಲ ಸೌಂಡ್ ಮಾಡಿ."

ಕಾರಿಡಾರಿನ ಮೂಲೆಗೆ ಹೋದೆ. ಗೋಡೆ ಕಡೆ ತಿರುಗಿ, ಫೋನಿಗೆ ಕೈ ಅಡ್ಡ ಹಿಡಿದು, "ಸ್ಸ್ಸುಯ್ಯ್" ಅಂದೆ.

ಅಟೆಂಡರ್ ಬಾಗಿಲಿಂದ ತಲೆ ಹಾಕಿದ. "ಕರೆದ್ರಾ ಸಾರ್?"